ರಾಗಕ್ಕೆ ಎಲ್ಲಿಯ ರಾಜಕೀಯ, ಮಾಸ್ತರೇ? — ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿಯಲ್ಲಿ ತಿಂಗಳಿಗೊಮ್ಮೆ ನಾವು ಏಳೆಂಟು ಜನ ಸೇರಿ ಹಾಡು ಕೇಳುತ್ತೇವೆ, ಕೇಳಿದ ಮೇಲೆ ಜಗಳ ಆಡುತ್ತೇವೆ. ಸಂಗೀತ, ಸಮಾಜ, ಎರಡನ್ನೂ ಜೋಡಿಸಿ ನೋಡುವ ವಿಮರ್ಶಾತ್ಮಕ ಸಿದ್ಧಾಂತ (ಕ್ರಿಟಿಕಲ್ ಥಿಯರಿ) ಅಂತ ನಾನು ಆಗಾಗ ನಡುವೆ ಬಾಯಿ ಹಾಕುವುದರಿಂದ ಪ್ರಶ್ನೆಗಳೂ ನನ್ನ ತಲೆಗೇ ಬರುತ್ತವೆ. ಚಹಾ ಕುಡಿಯುವಾಗ, ಕುಮಟೆ ಬಸ್ಸಿನಲ್ಲಿ, ಯಕ್ಷಗಾನ ಆಟದ ಚೌಕಿಯ (ವೇಷ ಕಟ್ಟುವ ಜಾಗದ) ಹೊರಗೆ ನಿಂತಾಗ ಕೇಳಿದ್ದನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಕೆಲವಕ್ಕೆ ಉತ್ತರ ಉದ್ದವಾಗಿದೆ, ಕೆಲವಕ್ಕೆ ಎರಡೇ ಸಾಲು ಸಾಕಾಯಿತು.

ವಿಮರ್ಶಾತ್ಮಕ ಸಿದ್ಧಾಂತ ಅಂದರೆ ಸಂಗೀತ ವಿಮರ್ಶೆಯೇ?

ಅಲ್ಲ. 'ಕಲಾವಿದರು ಯಮನ್ ರಾಗವನ್ನು ಸೊಗಸಾಗಿ ಹಾಡಿ ರಂಜಿಸಿದರು' ಅಂತ ಪೇಪರಿನಲ್ಲಿ ಬರುತ್ತದಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. 1923ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಸಮಾಜ ಸಂಶೋಧನೆಗೆಂದು ಒಂದು ಸಂಸ್ಥೆ ಶುರುವಾಯಿತು. ಮ್ಯಾಕ್ಸ್ ಹಾರ್ಕ್‌ಹೈಮರ್, ಥಿಯೊಡೊರ್ ಅಡಾರ್ನೊ, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟುಕೊಂಡಿದ್ದ ವಾಲ್ಟರ್ ಬೆಂಜಮಿನ್ ಎಲ್ಲ ಆ ಬಳಗದವರು. ಅವರನ್ನು ಕಾಡಿದ್ದು ಇದು: ತಮ್ಮನ್ನು ಹಿಂಡುವ ವ್ಯವಸ್ಥೆಯನ್ನು ಹಿಂಡಿಸಿಕೊಂಡವರೇ ಸರಿ ಅಂತ ಯಾಕೆ ಒಪ್ಪುತ್ತಾರೆ? ಪೊಲೀಸರ ಲಾಠಿಯಿಂದಷ್ಟೇ ಆಗುವ ಕೆಲಸ ಅದಲ್ಲ. ರೇಡಿಯೊ, ಸಿನಿಮಾ, ಹಾಡು ಎಲ್ಲ ಸೇರಿ ಮನಸ್ಸನ್ನು ಮೊದಲೇ ಹದ ಮಾಡಿ ಇಟ್ಟಿರುತ್ತವೆ ಅನ್ನುವುದು ಅವರ ಅನುಮಾನ. ಈ ಬಗೆಯ ವಿಚಾರಣೆಗೇ ವಿಮರ್ಶಾತ್ಮಕ ಸಿದ್ಧಾಂತ ಅನ್ನುವ ಹೆಸರು.

ಇವರಲ್ಲಿ ಅಡಾರ್ನೊ ಸಂಗೀತ ಬಲ್ಲವನು. 1925ರಲ್ಲಿ ವಿಯೆನ್ನಾಕ್ಕೆ ಹೋಗಿ ಆಲ್ಬನ್ ಬರ್ಗ್ ಹತ್ತಿರ ಸ್ವರಸಂಯೋಜನೆ ಕಲಿತಿದ್ದ. ಹಾಗಾಗಿ ಹಾಡಿನ ಬಗ್ಗೆ ಮಾತಾಡುವಾಗ ಪದ ಬಿಟ್ಟು ಸ್ವರದೊಳಗೇ ಕೈ ಹಾಕುತ್ತಿದ್ದ. ನನಗೆ ಅವನು ಹಿಡಿಸುವುದು ಅದಕ್ಕೇ. ಅವನ ಬಹಳಷ್ಟು ತೀರ್ಮಾನಗಳನ್ನು ನಾನು ಒಪ್ಪುವುದಿಲ್ಲ, ಆ ಮಾತು ಬೇರೆ.

ಐಡಿಯಾಲಜಿ ಅಂದರೆ ಪಕ್ಷದ ಸಿದ್ಧಾಂತ ತಾನೇ?

ಪಕ್ಷದವರ ಸಿದ್ಧಾಂತ ಪ್ರಣಾಳಿಕೆಯಲ್ಲಿ ಅಚ್ಚಾಗಿರುತ್ತದೆ, ಓದಿ ಬೈಯಬಹುದು. ಇಲ್ಲಿ ಹೇಳುತ್ತಿರುವುದು ಯಾರೂ ಬರೆದಿಡದ ಸಂಗತಿ. 'ಅದು ಮೊದಲಿಂದ ಹಾಗೇ', 'ಹೆಂಗಸರಿಗೆ ಚಂಡೆ ಒಗ್ಗುವುದಿಲ್ಲ', 'ಅದು ಶಾಸ್ತ್ರೀಯ, ಇದು ಬರೀ ಜಾನಪದ'. ಇಂಥ ಮಾತು ಕಿವಿಗೆ ಬಿದ್ದಾಗ ಯಾರೂ ತಿರುಗಿ ನೋಡದಿದ್ದರೆ ಅಲ್ಲಿ ಐಡಿಯಾಲಜಿ ಕೆಲಸ ಮಾಡುತ್ತಿದೆ ಅಂತ ಲೆಕ್ಕ.

ಪದದಲ್ಲಿ ರಾಜಕೀಯ ಇರಬಹುದು. ಬರೀ ಸದ್ದಿನಲ್ಲಿ ಎಲ್ಲಿಂದ ಬರುತ್ತದೆ?

ಅತಿ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆ ಇದು. ಸಾಹಿತ್ಯದಲ್ಲಿ ಸಮಾಜ ಹುಡುಕುವುದು ಸುಲಭ, ಸಾಲು ಎತ್ತಿ ತೋರಿಸಿದರಾಯಿತು. ಸದ್ದಿನಲ್ಲಿ ಹುಡುಕಬೇಕಾದರೆ ವಾದ್ಯದ ಹತ್ತಿರ ಕೂರಬೇಕು.

ಅಂಕೋಲೆ ಕಡೆ ಹಾಲಕ್ಕಿ ಒಕ್ಕಲಿಗರು ಗುಮಟೆ ಬಾರಿಸುತ್ತ ಹಾಡುವ ಗುಮಟೆ ಪಾಂಗ್ ಕೇಳಿದವರಿಗೆ ಗುಮಟೆ ಗೊತ್ತು. ಮಣ್ಣಿನ ಮಡಕೆ, ದೊಡ್ಡ ಬಾಯಿಗೆ ಚರ್ಮ ಬಿಗಿದಿರುತ್ತಾರೆ, ಇನ್ನೊಂದು ತುದಿ ಖಾಲಿ. ಒಂದು ಕೈ ಚರ್ಮದ ಮೇಲೆ ಆಡುತ್ತದೆ. ಇನ್ನೊಂದು ಅಂಗೈ ಆ ಖಾಲಿ ಬಾಯನ್ನು ಮುಚ್ಚುತ್ತ ತೆಗೆಯುತ್ತ ಇರುತ್ತದೆ. ಮುಚ್ಚಿದರೆ ಸದ್ದು ಒಳಗೆ ಕುಸಿಯುತ್ತದೆ, ಬಿಟ್ಟರೆ ಮೇಲೇಳುತ್ತದೆ. ಒಬ್ಬರ ಅಂಗಳದಲ್ಲಿ ಕೂತು ನೋಡಿದ್ದೇನೆ: ಶುರು ಮಾಡುವ ಮೊದಲು ಗುಮಟೆಯನ್ನು ಬೆಂಕಿಗೆ ಹಿಡಿದು, ತಿರುಗಿಸಿ, ಉಗುರಿನಿಂದ ಒಮ್ಮೆ ತಟ್ಟಿ ಕಿವಿಗೊಟ್ಟು, ಮತ್ತೆ ಬೆಂಕಿಗೆ ಹಿಡಿದರು. ಮೂರನೇ ಸಲಕ್ಕೆ ಮುಖದ ಮೇಲೆ 'ಆಯ್ತು' ಅನ್ನುವ ಭಾವ ಬಂತು.

ಆ ಚರ್ಮ ಹಿಂದೆ ಉಡದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಉಡಕ್ಕೆ ರಕ್ಷಣೆ ಇದೆ, ಹಿಡಿಯುವಂತಿಲ್ಲ. ಈಗ ಆಡಿನ ಚರ್ಮ ಹಾಕುತ್ತಾರೆ. ದನಿ ಸ್ವಲ್ಪ ದಪ್ಪವಾಗಿದೆ, ಮೊದಲಿನ ಚುರುಕು ಇಲ್ಲ ಅಂತ ಹಳಬರು ಹೇಳುತ್ತಾರೆ. ನನ್ನ ಕಿವಿಗೂ ಹಾಗೇ ಕೇಳುತ್ತದೆ. ಪಕ್ಕದ ಗೋವಾದಲ್ಲಿ ಇದೇ ವಾದ್ಯ ಘುಮಟ್. ಅಲ್ಲಿಯ ಸರ್ಕಾರ 2019ರಲ್ಲಿ ಅದಕ್ಕೆ ಪಾರಂಪರಿಕ ವಾದ್ಯದ ಮನ್ನಣೆ ಕೊಟ್ಟಿತು. ಕಾನೂನು ಚರ್ಮ ತೆಗೆದುಕೊಂಡಿತು, ಸರ್ಕಾರ ಶಾಲು ಹೊದಿಸಿತು. ಉಡ ಉಳಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ನಾನು ಹೇಳುವುದು ಇಷ್ಟು: ಇವತ್ತಿನ ಗುಮಟೆಯ 'ಗುಂ' ಎಂಬ ಒಂದು ಸದ್ದಿನಲ್ಲಿ ಕಾಡು ಯಾರದು, ಬೇಟೆ ಯಾರ ಹಕ್ಕು, ಪರಂಪರೆ ಅಂತ ಮುದ್ರೆ ಒತ್ತುವವರು ಯಾರು ಅನ್ನುವುದೆಲ್ಲ ಕಟ್ಟಿಕೊಂಡಿದೆ. ಹಾಡಿನ ಪದ ಬದಲಾಗಲೇ ಇಲ್ಲ.

ಅಡಾರ್ನೊ ಜನಪ್ರಿಯ ಹಾಡುಗಳನ್ನೆಲ್ಲ ಬೈದವನು. ಅವನಿಂದ ನಮಗೇನು?

ಬೈದದ್ದು ನಿಜ. 1938ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಅಮೆರಿಕ ಸೇರಿ, ರೇಡಿಯೊ ಕೇಳುಗರ ಬಗೆಗಿನ ಒಂದು ಸಂಶೋಧನೆಗೆ ಸೇರಿಕೊಂಡ. 1941ರಲ್ಲಿ ಜನಪ್ರಿಯ ಸಂಗೀತದ ಬಗ್ಗೆ ಒಂದು ಲೇಖನ ಬರೆದ. ಅದರ ಸಾರ: ಈ ಹಾಡುಗಳೆಲ್ಲ ಒಂದೇ ಅಚ್ಚಿನವು, ಬಿಡಿಭಾಗ ಬದಲಿಸಿದರೂ ಗಾಡಿ ಓಡುತ್ತದೆ. ಅಚ್ಚು ಕಾಣದಿರಲಿ ಅಂತ ಮೇಲೆ ಒಂದಿಷ್ಟು ಹೊಸತನದ ಒಗ್ಗರಣೆ. ಕೇಳುಗ 'ಇದು ಬೇರೆ' ಅಂದುಕೊಂಡು ಅದನ್ನೇ ಮತ್ತೆ ಕೇಳುತ್ತಾನೆ.

ನಮ್ಮ ಬಡಗುತಿಟ್ಟಿಗೆ, ಅಂದರೆ ಯಕ್ಷಗಾನದ ಉತ್ತರದ ಶೈಲಿಗೆ, ಇದನ್ನು ಹಚ್ಚಿ ನೋಡಿ. ಭಾಗವತರಾಗಿದ್ದ (ಆಟದ ಹಾಡುಗಾರ) ಕಾಳಿಂಗ ನಾವಡರು ಅಪಘಾತದಲ್ಲಿ ತೀರಿಕೊಂಡದ್ದು 1990ರಲ್ಲಿ, ಚಿಕ್ಕ ವಯಸ್ಸಿಗೆ. ಅವರ ಪದ್ಯ ಕ್ಯಾಸೆಟ್ಟಿನಲ್ಲಿ ಕುಂದಾಪುರದಿಂದ ಕಾರವಾರದವರೆಗೆ ಹೋಟೆಲು, ಟೆಂಪೊ, ಮನೆಯ ಪಡಸಾಲೆ ಎಲ್ಲ ಕಡೆ ಕೇಳುತ್ತಿತ್ತು. ಮುಂದೆ ಎಷ್ಟೋ ವರ್ಷ ಹೊಸ ಹುಡುಗರು ಪದ್ಯ ಎತ್ತಿದರೆ ನಾವಡರೇ. ಅದೇ ಎಳೆತ, ಕೊನೆಯಲ್ಲಿ ದನಿ ಒಡೆಯುವ ಅದೇ ರೀತಿ. ನಾವಡರದು ಹುಡುಕಾಟವಾಗಿತ್ತು, ಅನುಕರಿಸಿದವರಿಗೆ ಅದೇ ಅಚ್ಚಾಯಿತು. ಇಲ್ಲಿ ಅಡಾರ್ನೊ ಗೆದ್ದ.

ಬೆಂಜಮಿನ್ ಇದ್ದಿದ್ದರೆ ಬೇರೆ ಮಾತಾಡುತ್ತಿದ್ದ. ಯಂತ್ರ ನಕಲು ತೆಗೆದಾಗ ಕಲೆಯ ಪ್ರಭೆ ಮಾಸುತ್ತದೆ, ಆದರೆ ಅದು ಗರ್ಭಗುಡಿಯಿಂದ ಹೊರಗೂ ಬರುತ್ತದೆ ಎಂದು 1930ರ ದಶಕದಲ್ಲೇ ಬರೆದವನು ಅವನು. ಆಟ ನೋಡಲು ರಾತ್ರಿ ಮನೆ ಬಿಟ್ಟು ಹೋಗಲಾಗದ ನಮ್ಮ ದೊಡ್ಡಮ್ಮನಂಥವರು ಭಾಗವತಿಕೆ ಕಲಿತದ್ದು ಒಲೆಯ ಪಕ್ಕದ ಟೇಪ್ ರೆಕಾರ್ಡರಿನಿಂದ. ಅವಳು ತೆಂಗಿನಕಾಯಿ ತುರಿಯುತ್ತ ಗದಾಯುದ್ಧದ ಪದ್ಯ ಹೇಳಿದರೆ ತುರಿಮಣೆಯೇ ತಾಳ. ಯಾವ ಅಚ್ಚಿಗೂ ಅದು ಸಿಗುವಂಥದ್ದಲ್ಲ.

ಅಡಾರ್ನೊ ಪೂರ್ತಿ ಎಡವಿದ್ದು ಜಾಸ್ ವಿಷಯದಲ್ಲಿ. 1936ರಲ್ಲಿ ಹೆಕ್ಟರ್ ರಾಟ್‌ವೈಲರ್ ಅನ್ನುವ ಸುಳ್ಳು ಹೆಸರಿನಲ್ಲಿ ಅದನ್ನು ಜಾಡಿಸಿ ಬರೆದ. (ರಾಟ್‌ವೈಲರ್ ಒಂದು ನಾಯಿ ಜಾತಿ. ಕಚ್ಚುವ ಉದ್ದೇಶ ಅವನಿಗೇ ಗೊತ್ತಿತ್ತು ಅಂತ ಕಾಣುತ್ತದೆ.) ಯುರೋಪಿನ ಹೋಟೆಲುಗಳ ಡ್ಯಾನ್ಸ್ ಬ್ಯಾಂಡು ಕೇಳಿ, ಕಪ್ಪು ಅಮೆರಿಕನ್ನರ ಸಂಗೀತದ ಮೇಲೆ ತೀರ್ಪು ಕೊಟ್ಟ. ಯಾರು ಯಾರಿಗಾಗಿ ನುಡಿಸುತ್ತಿದ್ದಾರೆ ಎಂದು ಕೇಳದೆ ಬರೀ ಅಚ್ಚು ನೋಡಿದರೆ ಹೀಗೆ ಆಗುತ್ತದೆ.

ಸುಗ್ಗಿ ಹಾಡು, ನಾಟಿ ಹಾಡಿನಲ್ಲೂ ಒಂದೇ ಧಾಟಿ ಮತ್ತೆ ಮತ್ತೆ ಬರುತ್ತದೆ. ಅದೂ ಅಚ್ಚೇ?

ಒಬ್ಬಳು ಹೇಳುತ್ತಾಳೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ಕೆಸರಿನಲ್ಲಿ ಬಗ್ಗಿ ಸಸಿ ಊರುವವರಿಗೆ ಆ ಪುನರಾವರ್ತನೆ ಅಂದರೆ ಉಸಿರಿನ ಲೆಕ್ಕ. ಮುಂದಿನ ಸಾಲು ನೆನಪಿಸಿಕೊಳ್ಳಲು ಹೇಳುವವಳಿಗೆ ಸಿಗುವ ಬಿಡುವು. ಮಾರಾಟಕ್ಕೆ ಮಾಡಿದ ಪುನರಾವರ್ತನೆಯನ್ನೂ ಇದನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಅಂಕೋಲೆ ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. ಸಾವಿರಾರು ಹಾಡು ಬಾಯಲ್ಲಿದ್ದ ಅಜ್ಜಿ ಅವರು, ಸಾರಾಯಿ ವಿರುದ್ಧ ಹೋರಾಡಿದವರು. ಆದರೆ ವೇದಿಕೆಯ ಮೈಕು ಒಬ್ಬರ ಬಾಯಿಗೇ ಬರುತ್ತದೆ. ಸೊಲ್ಲು ಹಿಡಿಯುವವರು ಹಿಂದೆ ಸರಿದು 'ಸಹಗಾಯಕರು' ಆಗಿಬಿಡುತ್ತಾರೆ. ಗೌರವ ಕೊಡುವ ಭರದಲ್ಲಿ ಗುಂಪಿನ ಹಾಡು ಒಬ್ಬರ ಹಾಡಾಯಿತು. ಶೈಲಿ ಬದಲಾಗುವುದು ಹೀಗೆ ಸದ್ದಿಲ್ಲದೆ.

ಆಫ್ರಿಕಾ ಮೂಲದ ಸಿದ್ದಿಗಳದ್ದು ಇನ್ನೂ ಬೇಸರದ ಕತೆ. ಯಲ್ಲಾಪುರ, ಹಳಿಯಾಳದ ಹಳ್ಳಿಗಳಲ್ಲಿ ದಮಾಮಿ ಎಂಬ ಚರ್ಮವಾದ್ಯ ಬಾರಿಸುವವರು ಅಂಗಿ, ಪಂಚೆ, ಸೀರೆ ಉಟ್ಟೇ ಬಾರಿಸುತ್ತಾರೆ, ಕೊಂಕಣಿ ಬೆರೆತ ಮಾತಾಡುತ್ತಾರೆ. ಒಂದು ಉತ್ಸವದಲ್ಲಿ ಅದೇ ಜನರಿಗೆ ಸೊಪ್ಪು ಸುತ್ತಿ, ಮುಖಕ್ಕೆ ಬಿಳಿ ಬಳಿದು ಕುಣಿಸಿದ್ದನ್ನು ನೋಡಿದೆ. ಲಯವೂ ಹಳ್ಳಿಯಲ್ಲಿ ಕೇಳಿದ್ದಕ್ಕಿಂತ ದುಪ್ಪಟ್ಟು ವೇಗ. ಇಳಿದು ಬಂದ ಹುಡುಗನನ್ನು 'ಯಾಕಪ್ಪಾ ಇಷ್ಟು ಜೋರು?' ಅಂದೆ. 'ಆಫ್ರಿಕಾ ಥರ ಬೇಕಂತೆ ಸರ್' ಅಂದ.

ಶಿರಸಿ, ಯಲ್ಲಾಪುರದ ಕಡೆ ಹಿಂದೂಸ್ತಾನಿ, ಉಡುಪಿ, ಮಂಗಳೂರಿನ ಕಡೆ ಕರ್ನಾಟಕಿ. ಇದಕ್ಕೂ ರಾಜಕೀಯ ಕಾರಣವೇ?

ನಾನು ಹೌದು ಅನ್ನುವವನು. ಮೊದಲು ಕೆನರಾ ಒಂದೇ ಜಿಲ್ಲೆ, ಮದ್ರಾಸಿನ ಆಡಳಿತ. 1862ರಲ್ಲಿ ಉತ್ತರದ ಭಾಗವನ್ನು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು, ದಕ್ಷಿಣ ಮದ್ರಾಸಿನಲ್ಲೇ ಉಳಿಯಿತು. 1956ರವರೆಗೂ ಹಾಗೇ. ಅಷ್ಟು ಕಾಲ ನಮ್ಮವರ ಕೋರ್ಟು, ಕಾಲೇಜು, ವ್ಯಾಪಾರ ಎಲ್ಲ ಧಾರವಾಡ, ಬೆಳಗಾವಿ, ಮುಂಬಯಿ ಕಡೆ. ಮರಾಠಿ ಸಂಗೀತ ನಾಟಕ ಬಂದದ್ದು ಅದೇ ದಾರಿಯಲ್ಲಿ, ಕಿರಾಣಾ ಘರಾಣೆಯ ಹಾಡುಗಾರಿಕೆ ಬಂದದ್ದೂ ಅದೇ ದಾರಿಯಲ್ಲಿ. ಯಲ್ಲಾಪುರದ ಹಾಸಣಗಿಯ ಗಾಯಕ ಗಣಪತಿ ಭಟ್ಟರು ಧಾರವಾಡದ ಬಸವರಾಜ ರಾಜಗುರುಗಳ ಹತ್ತಿರ ಕಲಿತದ್ದು ಈ ದಾರಿಯ ಮುಂದುವರಿಕೆಯೇ. ಯಾವ ಅಧಿಕಾರಿಯೂ 'ಈ ಊರಿನವರು ಖ್ಯಾಲ್ ಹಾಡಲಿ' ಅಂತ ಆದೇಶ ಹೊರಡಿಸಲಿಲ್ಲ. ಗಡಿಗೆರೆ ಎಳೆದರು, ಕಿವಿ ಆ ಕಡೆ ತಿರುಗಿತು. ಜೊತೆಗೆ ಅಡಿಕೆ ತೋಟದ ಆದಾಯ ಇದ್ದವರ ಮನೆಯಲ್ಲಿ ರಾತ್ರಿಯಿಡೀ ಬೈಠಕ್ ಕೂರಿಸುವ ಜಗಲಿ ಇತ್ತು. ಜಗಲಿ ಇಲ್ಲದವರ ಮನೆಗೆ ತಂಬೂರಿ ಬರಲಿಲ್ಲ.

ಹಾರ್ಮೋನಿಯಂ ವಿದೇಶಿ ವಾದ್ಯ ಅಂತ ರೇಡಿಯೊದಿಂದ ತೆಗೆದಿದ್ದರಂತೆ, ಹೌದಾ?

ಹೌದು. 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಹಾರ್ಮೋನಿಯಂ ನಿಷಿದ್ಧ. ಸ್ವರದಿಂದ ಸ್ವರಕ್ಕೆ ಜಾರಲು ಬರುವುದಿಲ್ಲ, ಶ್ರುತಿಯ ಸೂಕ್ಷ್ಮ ಸಿಗುವುದಿಲ್ಲ ಅನ್ನುವುದು ಒಂದು ತಕರಾರು. ಅದು ಸಂಗೀತದ ಮಾತು, ಸುಳ್ಳೂ ಅಲ್ಲ. ಆದರೆ ಅದರೊಳಗೆ ಇನ್ನೊಂದು ಮಾತು ಸೇರಿಕೊಂಡಿತ್ತು: ಇದು ಭಾರತದ್ದಲ್ಲ. 22ನೇ ವಯಸ್ಸಿನಲ್ಲಿ ನಮ್ಮ ಕಾರವಾರದ ಕಡಲು ನೋಡಿ ಮೆಚ್ಚಿದ್ದ ರವೀಂದ್ರನಾಥ ಟ್ಯಾಗೋರರೂ ಕೊನೆಗಾಲದಲ್ಲಿ ಈ ಪೆಟ್ಟಿಗೆಯ ವಿರೋಧಿ. ವಯೊಲಿನ್ ಕೂಡ ಹೊರಗಿನಿಂದಲೇ ಬಂದದ್ದು, ಅದನ್ನು ಯಾರೂ ಅಟ್ಟಲಿಲ್ಲ. ಶ್ರುತಿಯ ವಾದ ಎಲ್ಲಿ ಮುಗಿದು ರಾಷ್ಟ್ರದ ವಾದ ಎಲ್ಲಿ ಶುರುವಾಗುತ್ತದೆ ಎಂದು ಬಿಡಿಸಿ ನೋಡುವುದಕ್ಕೇ ಈ ಸಿದ್ಧಾಂತ ಬೇಕಾಗುವುದು.

ಇದರ ಹಿಂದೆಯೇ ಸಿನಿಮಾ ಹಾಡಿನ ಸರದಿ. 1952ರಲ್ಲಿ ಬಿ.ವಿ. ಕೇಸ್ಕರ್ ಮಂತ್ರಿಯಾದ ಮೇಲೆ ರೇಡಿಯೊದಲ್ಲಿ ಅದಕ್ಕೂ ಬಾಗಿಲು ಮುಚ್ಚಿತು. ಜನ ರೇಡಿಯೊ ಸಿಲೋನ್ ಹಚ್ಚಿದರು. 1957ರಲ್ಲಿ ವಿವಿಧ ಭಾರತಿ ತೆರೆಯಬೇಕಾಯಿತು. ನಮ್ಮಲ್ಲಿ ಭಜನೆಯವರು, ನಾಟಕದವರು ಇದ್ಯಾವುದಕ್ಕೂ ಕಿವಿಗೊಡದೆ ತಮ್ಮ ಪಾಡಿಗೆ ಪೆಟ್ಟಿಗೆಯ ತಿದಿ ಒತ್ತುತ್ತಲೇ ಇದ್ದರು.

ಯಕ್ಷಗಾನ 'ಗಂಡುಕಲೆ' ಅನ್ನುತ್ತಾರೆ. ಅದು ಬರೀ ಹೊಗಳಿಕೆಯಲ್ಲವೇ?

ಹೊಗಳಿಕೆ ಹೌದು. ಹೊಗಳಿಕೆ ಅನ್ನುವ ಕಾರಣಕ್ಕೇ ಯಾರೂ ಅನುಮಾನಿಸುವುದಿಲ್ಲ. ಅಮೆರಿಕದ ಸಂಗೀತಶಾಸ್ತ್ರಜ್ಞೆ ಸೂಸನ್ ಮೆಕ್ಲೇರಿ 1991ರಲ್ಲಿ ಇಂಥದ್ದೇ ಒಂದು ಪದ ಹಿಡಿದು ಪುಸ್ತಕ ಬರೆದಳು. ಪಾಶ್ಚಾತ್ಯ ಸಂಗೀತದ ನಿಘಂಟುಗಳಲ್ಲಿ, ಗಟ್ಟಿ ಪೆಟ್ಟಿನ ಮೇಲೆ ಮುಗಿದರೆ 'ಗಂಡು' ಮುಕ್ತಾಯ, ದುರ್ಬಲ ಪೆಟ್ಟಿನ ಮೇಲೆ ಮುಗಿದರೆ 'ಹೆಣ್ಣು' ಮುಕ್ತಾಯ. ತಾಂತ್ರಿಕ ಪದ, ಯಾರಿಗೂ ವಿಚಿತ್ರ ಅನಿಸಿರಲಿಲ್ಲ. ಗಟ್ಟಿಯಾದದ್ದು ಗಂಡು ಅಂತ ತೀರ್ಮಾನಿಸಿದವರು ಯಾರು ಅಂತ ಅವಳು ಕೇಳಿದಳು.

ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರು ಸಿದ್ಧಾಂತ ಓದದೆ ಇದನ್ನೇ ಹೇಳುತ್ತಿದ್ದರು: ಗಂಡಸಾದರೆ ಹಿಂದೂ ಪಂಡಿತ್, ಮುಸ್ಲಿಂ ಉಸ್ತಾದ್, ಹೆಂಗಸು ಎಷ್ಟು ಹಾಡಿದರೂ ಬರೀ ಬಾಯಿ. ಗಂಟಲ ಶಸ್ತ್ರಚಿಕಿತ್ಸೆಯ ನಂತರ ಅವರ ದನಿ ಗಡಸಾಯಿತು. 'ಗಂಡಸಿನ ದನಿ' ಅಂತ ಜನ ಬೆರಗಿನಿಂದ ಹೊಗಳಿದರು. ಹೊಗಳಿಕೆಯ ಅಳತೆಗೋಲು ಮಾತ್ರ ಬದಲಾಗಲಿಲ್ಲ.

ಜಾತಿಯನ್ನು ಇದರಲ್ಲಿ ಎಳೆದು ತರಲೇಬೇಕಾ?

ಎಳೆದು ತರುವ ಪ್ರಶ್ನೆಯೇ ಇಲ್ಲ, ಚರ್ಮದ ವಾದ್ಯದ ಜೊತೆ ಅದು ಬಂದೇ ಬಂದಿದೆ. ಶಿರಸಿಯ ಹೋಳಿಯಲ್ಲಿ ಬೇಡರ ವೇಷ ನೋಡಿ. ಬೆನ್ನಿಗೆ ನವಿಲುಗರಿ ಕಟ್ಟಿದ ಬೇಡನಿಗೆ ಆವೇಶ ಬರುವುದು ತಮಟೆಯ ಪೆಟ್ಟಿಗೆ. ಪೇಟೆಯವರೆಲ್ಲ ಬೇಡನ ಫೋಟೊ ಹೊಡೆಯುತ್ತಾರೆ, ತಮಟೆಯವನ ಮುಖ ಯಾವ ಫೋಟೊದಲ್ಲೂ ಇರುವುದಿಲ್ಲ. ಹೆಣದ ಮುಂದೆ ಬಾರಿಸುವ ಬಿಟ್ಟಿ ಚಾಕರಿ ಬೇಡ ಅಂತ ತಮಟೆ ಕೆಳಗಿಟ್ಟವರಿದ್ದಾರೆ. ಅದನ್ನೇ ಮೆರವಣಿಗೆಯ ಮುಂದೆ ತಲೆ ಎತ್ತಿ ಬಾರಿಸಿದ ದಲಿತ ಚಳವಳಿಯ ಹುಡುಗರೂ ಇದ್ದಾರೆ. ಇಬ್ಬರದ್ದೂ ಸಂಗೀತದ ಬಗೆಗಿನ ತೀರ್ಮಾನವೇ. ಬಾರಿಸದೆ ಇರುವುದನ್ನೂ ಕೇಳಿಸಿಕೊಳ್ಳಲು ಕಲಿಯಬೇಕು.

ಒಳ್ಳೆಯ ಅಭಿರುಚಿ ಅನ್ನುವುದೇ ಸುಳ್ಳಾ ಹಾಗಾದರೆ?

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದ್ಯೂ 1979ರ ಪುಸ್ತಕದಲ್ಲಿ ಯಾರಿಗೆ ಯಾವ ಸಂಗೀತ ಇಷ್ಟ ಎಂದು ಕೇಳಿ ಅವರ ಓದು, ಉದ್ಯೋಗದ ಪಕ್ಕ ಇಟ್ಟು ನೋಡಿದ. ಗಂಭೀರ ಶಾಸ್ತ್ರೀಯದ ಬಾಖ್ ಮೆಚ್ಚುವವರು ಒಂದು ವರ್ಗ, ಎಲ್ಲರ ಬಾಯಲ್ಲಿರುವ ಬ್ಲೂ ಡ್ಯಾನ್ಯೂಬ್ ವಾಲ್ಟ್ಸ್ ಮೆಚ್ಚುವವರು ಇನ್ನೊಂದು. ನಮ್ಮ ಯಕ್ಷಗಾನದಲ್ಲಿ ಕೆರೆಮನೆಯವರ ಆಟದ ಹದ ಮೆಚ್ಚುವವರು ಚಿಟ್ಟಾಣಿಯವರ ಅಬ್ಬರಕ್ಕೆ ಸಿಳ್ಳೆ ಹೊಡೆಯುವವರನ್ನು ನೋಡುವ ನೋಟ ನೆನಪಿಸಿಕೊಳ್ಳಿ. ಅಭಿರುಚಿ ಸುಳ್ಳಲ್ಲ, ಆದರೆ ಅದಕ್ಕೊಂದು ವಿಳಾಸ ಇರುತ್ತದೆ. ಚಿಟ್ಟಾಣಿಯವರ ಭಸ್ಮಾಸುರನಿಗೆ ನಾನೂ ಸಿಳ್ಳೆ ಹೊಡೆದವನೇ.

ಇಷ್ಟೆಲ್ಲ ಯೋಚಿಸುತ್ತ ಕೂತರೆ ಹಾಡು ಕೇಳಿ ಖುಷಿ ಪಡುವುದು ಯಾವಾಗ?

ಅಡುಗೆ ಗೊತ್ತಿದ್ದವರಿಗೆ ಊಟ ರುಚಿಸದೇ ಇರುತ್ತದೆಯೇ?

ಒಂದು ಎಚ್ಚರ ಮಾತ್ರ ಬೇಕು. ಸದ್ದಿನಲ್ಲಿ ತೋರಿಸಲು ಆಗದ್ದನ್ನು ಹೇಳಬೇಡಿ. 'ಈ ರಾಗ ಊಳಿಗಮಾನ್ಯ' ಅಂತ ಒಬ್ಬರು ನಮ್ಮ ಕೂಟದಲ್ಲಿ ವಾದಿಸಿದರು. ಯಾವ ಸ್ವರ, ಯಾವ ಕಾಲ, ಯಾರು ಹಾಡಿದಾಗ ಅಂತ ಕೇಳಿದರೆ ಉತ್ತರ ಇಲ್ಲ. ಅಂಥ ಹೊತ್ತಿನಲ್ಲಿ ಸಿದ್ಧಾಂತ ಬಾಯಿ ಮುಚ್ಚಿಕೊಂಡಿರುವುದೇ ಲೇಸು.

ನಾನು ಭಾಗವತಿಕೆ ಕಲಿಯುತ್ತಿದ್ದೇನೆ. ಇದೆಲ್ಲ ನನಗೆ ಯಾತಕ್ಕೆ ಉಪಯೋಗ?

ಹೊನ್ನಾವರ ಕಡೆಯ ಒಬ್ಬ ಹುಡುಗಿ ಕೇಳಿದ ಪ್ರಶ್ನೆ. ನಾನು ಕೊಟ್ಟದ್ದು ಒಂದೇ ಕೆಲಸ: ಒಂದೇ ಪದ್ಯವನ್ನು ಹಳೆಯ ಇಡೀ ರಾತ್ರಿಯ ಆಟದ ಕ್ಯಾಸೆಟ್ಟಿನಲ್ಲೂ ಈಗಿನ ಕಾಲಮಿತಿ ಆಟದ ಮೊಬೈಲ್ ರೆಕಾರ್ಡಿಂಗಿನಲ್ಲೂ ಕೇಳಿ ಬಾ. ಎರಡು ವಾರ ಬಿಟ್ಟು ಬಂದಳು. ಹಳೆಯದರಲ್ಲಿ ಪದ್ಯ ಎತ್ತುವ ಮೊದಲಿನ ಆಲಾಪಕ್ಕೇ ಪುರಸೊತ್ತಿದೆ, ಹೊಸದರಲ್ಲಿ ಎತ್ತುವಾಗಲೇ ಓಟ. ಮೂರು ಗಂಟೆಯಲ್ಲಿ ಮುಗಿಸಬೇಕಲ್ಲ, ಪಾತ್ರಗಳು ರಂಗಕ್ಕೆ ಬರುವ ಒಡ್ಡೋಲಗಕ್ಕೂ ಕತ್ತರಿ ಅಂದಳು. ಮೊಬೈಲಿನಲ್ಲಿ ಜನ ಹಂಚಿಕೊಳ್ಳುವುದೂ ಚಂಡೆ ಏರಿದ ಅರ್ಧ ನಿಮಿಷವನ್ನೇ, ನಿಧಾನದ ಪದ್ಯವನ್ನು ಯಾರೂ ಕಳಿಸುವುದಿಲ್ಲ ಅಂತಲೂ ಸೇರಿಸಿದಳು. ಫ್ರಾಂಕ್‌ಫರ್ಟಿನ ಹೆಸರೆತ್ತದೆ ಅವಳು ಅಲ್ಲಿಗೇ ಹೋಗಿ ಬಂದಿದ್ದಳು.

ಆಮೇಲೆ ಇನ್ನೊಂದು ಹೇಳಿದಳು. ತರಗತಿಯಲ್ಲಿ ಶ್ರುತಿ ಯಾವಾಗಲೂ ಗುರುಗಳ ಗಂಟಲಿನದ್ದು, ಕಪ್ಪು ಎರಡು, ಅಂದರೆ ಹಾರ್ಮೋನಿಯಂನ ಎರಡನೇ ಕಪ್ಪು ಮನೆ. ಅಷ್ಟು ದಿನ ಕೆಳಗಿನ ಸ್ವರ ಸಿಗದೆ ತನ್ನ ಗಂಟಲೇ ಸರಿಯಿಲ್ಲ ಅಂದುಕೊಂಡಿದ್ದಳಂತೆ. ಕಳೆದ ಶನಿವಾರ ಧೈರ್ಯ ಮಾಡಿ 'ಕಪ್ಪು ನಾಲ್ಕು ಇಟ್ಟುಕೊಳ್ಳಬಹುದಾ?' ಅಂತ ಕೇಳಿದಳು. ಗುರುಗಳು ಸ್ವಲ್ಪ ಹೊತ್ತು ಸುಮ್ಮನಿದ್ದರು. ಮದ್ದಳೆಯವರು ಗೊಣಗಿಕೊಂಡು ಎದ್ದು ಒಳಗೆ ಹೋಗಿ ಬೇರೆ ಮದ್ದಳೆ ತಂದರು. ಅದಕ್ಕೆ ಹೊಸ ಬೋನ (ಚರ್ಮಕ್ಕೆ ಮೆತ್ತುವ ಲೇಪ) ಹಾಕಿ ಶ್ರುತಿ ಸೇರಿಸುವಷ್ಟರಲ್ಲಿ ಆ ದಿನದ ಕ್ಲಾಸು ಮುಗಿದಿತ್ತು.